ರೋಲಿನ ಕೊನೆಯಲ್ಲಿ ಉಳಿದ ಕೆರೆ

ಹಿರೇಕೆರೆಯ ದಂಡೆಯ ಮೇಲೆ ಸಂಜೆ ಹೊತ್ತು ಒಬ್ಬ ಹೆಂಗಸು ಕೆಲಸವಿಲ್ಲದೆ ಕೂತರೆ ಬ್ಯಾಡಗಿಯ ಅರ್ಧ ಜನಕ್ಕೆ ಹೊಟ್ಟೆನೋವು. ಬಟ್ಟೆ ಒಗೆಯಲು ಬಂದರೆ ಸರಿ, ಕೊಡ ತುಂಬಲು ಬಂದರೆ ಸರಿ, ಎಮ್ಮೆಯ ಮೈ ತೊಳೆಯಲು ಬಂದರೂ ಸರಿ. ಸುಮ್ಮನೆ ಕೂತು ನೀರು ನೋಡುತ್ತೇನೆ ಎಂದರೆ ಮಾತ್ರ ತಲೆ ಕೆಟ್ಟಿದೆ ಎನ್ನುತ್ತಾರೆ. ನಾನು ಹದಿಮೂರು ವರ್ಷ ಹಾಗೆ ಕೂತವಳು. ರಾಣೆಬೆನ್ನೂರಿನ ಗಂಡನ ಮನೆಯನ್ನು ಮೂರು ವರ್ಷ ನೋಡಿ, ಸಾಕೆನಿಸಿ, ಟ್ರಂಕು ಹಿಡಿದು ತವರಿಗೆ ಬಂದ ದಿನವೂ ಮೊದಲು ಕೂತದ್ದು ಆ ದಂಡೆಯ ಮೇಲೆ. ಮನೆಗೆ ಹೋದದ್ದು ಆಮೇಲೆ. ನೀರು ನನ್ನನ್ನು ಏನೂ ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ಕೇಳಿದರು.

ನನ್ನ ಹೆಸರು ಜಾಹೀದಾ. ನಮ್ಮ ಅಬ್ಬಾ ಯೂಸುಫಸಾಬರದು ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ. ಅಲ್ಲಿ ಗೋಡೆಗೆ ಹುಬ್ಬಳ್ಳಿಯಿಂದ ತರಿಸಿದ ಒಂದು ಪರದೆ. ಅದರ ಮೇಲೆ ಬಣ್ಣದ ಕೆರೆ, ಎರಡು ಹಂಸ, ಒಂದು ಡೊಂಕು ತೆಂಗಿನಮರ. ನಿಜವಾದ ಕೆರೆಯ ಮಗ್ಗುಲಲ್ಲೇ ಮನೆಯಿದ್ದವರೂ ಮುಖಕ್ಕೆ ಪೌಡರು ಬಳಿದುಕೊಂಡು ಪೇಟೆಯವರೆಗೆ ನಡೆದು ಬಂದು ಆ ಹಂಸಗಳ ಮುಂದೆ ಉಸಿರು ಹಿಡಿದು ಕೂರುತ್ತಿದ್ದರು. ಅಬ್ಬಾನಿಗೆ ಆ ಪರದೆಯ ಮೇಲೆ ಬಹಳ ಅಭಿಮಾನ. ನನಗೆ ಅದನ್ನು ಕಂಡರೆ ನಗು.

ಎಂಬತ್ನಾಲ್ಕರಲ್ಲಿ ಅಬ್ಬಾನ ಕೈ ನಡುಗಲು ಶುರುವಾಯಿತು. ಅಂದಿನಿಂದ ಕ್ಯಾಮೆರಾ ನನ್ನ ಕೈಗೆ ಬಂತು. ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿನಿಂದ ತಲೆ ಬಗ್ಗಿಸಿ ನೋಡುವ ಹಳೆಯ ಡಬ್ಬಿ ಕ್ಯಾಮೆರಾ ಅದು. ದೂರದಿಂದ ಕಂಡವರಿಗೆ ಮರ್ಯಾದಸ್ತ ಹೆಣ್ಣುಮಗಳು ತಲೆ ತಗ್ಗಿಸಿ ನಿಂತಿದ್ದಾಳೆ ಎಂದೇ ಅನ್ನಿಸುತ್ತಿತ್ತು. ಆ ತಪ್ಪು ತಿಳಿವಳಿಕೆಯಿಂದ ನನಗೆ ಲಾಭವೇ ಆಯಿತು.

ಒಂದು ರೋಲಿನಲ್ಲಿ ಹನ್ನೆರಡು ಫೋಟೋ. ಗಿರಾಕಿಗೆ ಹತ್ತು ಸಾಕಾದರೆ ಎರಡು ಉಳಿಯುತ್ತವೆ. ಉಳಿದದ್ದಕ್ಕೆ ಇನ್ನೊಬ್ಬ ಗಿರಾಕಿಯನ್ನು ಕಾಯೋಣವೆಂದರೆ ಮೊದಲಿನವನಿಗೆ ಫೋಟೋ ಇವತ್ತೇ ಬೇಕು. ಖಾಲಿ ಬಿಟ್ಟು ತೊಳೆದರೆ ಫಿಲ್ಮು ದಂಡ. ಡಾರ್ಕ್ ರೂಮು ಇದ್ದದ್ದು ಕೆರೆಯ ಪಕ್ಕದ ನಮ್ಮ ಮನೆಯಲ್ಲಿ. ರೋಲು ಮುಗಿಸಿಕೊಂಡು ಮನೆಗೆ ಹೋಗು ಎಂದು ಅಬ್ಬಾ ಕಳಿಸುತ್ತಿದ್ದರು. ಬೇರೆ ಸ್ಟುಡಿಯೋದವರು ಹಾಗೆ ಉಳಿದದ್ದನ್ನು ಬೆಕ್ಕಿಗೋ ಗೋಡೆಗೋ ಹೊಡೆದು ಮುಗಿಸುತ್ತಿದ್ದರು. ನಾನು ಮನೆಯ ದಾರಿಯಲ್ಲಿ ದಂಡೆಯ ಮೇಲೆ ನಿಂತು ಕೆರೆಗೆ ಹೊಡೆಯುತ್ತಿದ್ದೆ. ಮಳೆ ಬಂದು ಹೋದ ಮರುದಿನದ ಕೆರೆ, ಕೊಕ್ಕರೆ ಇಳಿದ ಕೆರೆ, ಮೊಣಕಾಲುದ್ದ ನೀರಲ್ಲಿ ನಿಂತು ತನ್ನ ಕಲ್ಲಿನ ಮೇಲೆ ಓಣಿಯವರ ಬಟ್ಟೆ ಬಡಿಯುವ ಸಿದ್ದವ್ವ. ಆ ಎರಡು ಫೋಟೋಗಳಿಗಾಗಿ ನಾನು ಇಡೀ ದಿನ ಊರಿನವರ ಮುಖ ಸಹಿಸಿಕೊಳ್ಳುತ್ತಿದ್ದೆ ಎಂದರೂ ತಪ್ಪಿಲ್ಲ.

ರೋಲು ಒಣಗಿದ ಮೇಲೆ ನಾನು ಅದನ್ನು ಮೂರು ಮೂರು ಫೋಟೋಗಳ ನಾಲ್ಕು ಪಟ್ಟಿಗಳಾಗಿ ಕತ್ತರಿಸಿ ಕೊಟ್ಟರೆ, ಅಬ್ಬಾ ಬೆಣ್ಣೆಕಾಗದದಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕಿಡುತ್ತಿದ್ದರು. ಗಿರಾಕಿ ಸತ್ತರೂ ನೆಗೆಟಿವ್ ಸಾಯಬಾರದು ಎಂಬುದು ಅವರ ಪಂಥ.

ನಮ್ಮ ದೊಡ್ಡ ಗಿರಾಕಿ ಸಾವ್ಕಾರ ವಿರೂಪಾಕ್ಷಪ್ಪ. ಮೆಣಸಿನಕಾಯಿ ವ್ಯಾಪಾರಸ್ಥರು. ಸ್ಟುಡಿಯೋ ಇದ್ದ ಮಳಿಗೆಯೂ ಅವರದೇ. ಪ್ರತಿ ದೀಪಾವಳಿ ಪಾಡ್ಯದ ಬೆಳಿಗ್ಗೆ ಅವರ ಅಂಗಡಿಯಲ್ಲಿ ಲಕ್ಷ್ಮೀಪೂಜೆಯ ಫೋಟೋ ಆಗಲೇಬೇಕು: ಕೆಂಪು ರಾಶಿಯ ಮುಂದೆ ರೇಷ್ಮೆ ರುಮಾಲು ಸುತ್ತಿಕೊಂಡು ಸಾವ್ಕಾರರು, ಪಕ್ಕದಲ್ಲಿ ಆರತಿ ಹಿಡಿದ ಹೆಂಡತಿ ನೀಲಗಂಗವ್ವ, ಹಿಂದಿನ ಗೋಡೆಯ ಮೇಲೆ ಅಂಗಡಿಯ ಹೆಸರು ಹಾಕಿಸಿ ಹಂಚಿದ ಆ ವರ್ಷದ ಕ್ಯಾಲೆಂಡರು. ಕ್ಯಾಲೆಂಡರು ಪೂರ್ತಿ ಬರಬೇಕು ಎಂದು ಪ್ರತಿ ಸಲ ತಾಕೀತು. ಒಮ್ಮೆ ಅದರ ಮೂಲೆ ಕತ್ತರಿಸಿ ಹೋಯಿತೆಂದು ಮತ್ತೆ ರುಮಾಲು ಸುತ್ತಿಕೊಂಡು ನಿಂತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಹಿರೇಕೆರೆಯ ನೀರು ಮೂಡಣ ದಂಡೆಯಿಂದ ಹಿಂದೆ ಸರಿಯುತ್ತದೆ. ಎಂಬತ್ತೊಂದರಲ್ಲಿ ಮಾಲು ಬಹಳ ಬಂದು ಒಣಗಿಸಲು ಜಾಗ ಸಾಲದಾದಾಗ ಸಾವ್ಕಾರರು ನಮ್ಮ ಓಣಿಗೆ ಬಂದು, ಮನೆ ಮನೆಯ ಕಟ್ಟೆಯ ಮೇಲೆ ಕೂತು, ದಂಡೆಯಲ್ಲಿ ಮೆಣಸಿನಕಾಯಿ ಹರವಲೇ ಎಂದು ಕೇಳಿದ್ದರು. ಕೇಳಿದ ರೀತಿ ಚೆನ್ನಾಗಿತ್ತು. ಕೆರೆ ನಮ್ಮಪ್ಪನದೇ ಎಂಬಂತೆ ನಾವೂ ದೊಡ್ಡ ಮನಸ್ಸಿನಿಂದ ಹೂಂ ಎಂದೆವು. ಓಣಿಯ ಹೆಂಗಸರಿಗೆ ತೊಟ್ಟು ಬಿಡಿಸುವ ಕೂಲಿ ಸಿಕ್ಕಿತು, ಮನೆಗೊಂದು ಸೇರು ಮೆಣಸಿನಕಾಯಿ ಬಂತು. ಮುಂಗಾರಿಗೆ ಮುಂಚೆ ಎತ್ತಿಕೊಂಡು ಹೋಗುತ್ತಿದ್ದರು. ಅಷ್ಟು ದಿನ ಓಣಿಯೆಲ್ಲ ಸೀನುತ್ತಿತ್ತು. ಅದೇ ರೂಢಿಯಾಗಿ ವರ್ಷಗಳು ಉರುಳಿದವು. ಒಂದು ಚೀಟಿಯೂ ಇಲ್ಲದ ಮಾತು ಅದು. ಬೆರಳು ತೋರಿಸಿದರೆ ಹಸ್ತ ನುಂಗುವವರಿದ್ದಾರೆ ಎಂದು ನಮಗೆ ಹೊಳೆಯಲೇ ಇಲ್ಲ.

ತೊಂಬತ್ಮೂರರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಸಿದ್ದವ್ವ ಬಟ್ಟೆಯ ಗಂಟು ಹೊತ್ತು ನಮ್ಮ ಬಾಗಿಲಿಗೆ ಬಂದಳು.

"ಜಾಹೀದಾ, ನನ್ನ ಕಲ್ಲು ಒಳಗ ಹೋಗೇತಿ ನೋಡು" ಎಂದಳು.

ಹೋಗಿ ನೋಡಿದರೆ ದಂಡೆಯುದ್ದಕ್ಕೂ ಕಲ್ಲುಗೂಟ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಸಿದ್ದವ್ವನ ಅತ್ತೆಯ ಕಾಲದಿಂದ ಇದ್ದ ಒಗೆಯುವ ಕಲ್ಲು ತಂತಿಯ ಒಳಗೆ. ನಾನು ಕೂರುವ ಜಾಗವೂ ತಂತಿಯ ಒಳಗೆ. ಕೆರೆ ಕಾಣುತ್ತಿತ್ತು, ಆದರೆ ತಂತಿಯ ಎಳೆಗಳ ನಡುವೆ, ಜೈಲಿನ ಕಿಟಕಿಯಿಂದ ಕಂಡಂತೆ. ನನ್ನ ಮೈ ಉರಿಯಿತು. ನೇರ ಸಾವ್ಕಾರರ ಅಂಗಡಿಗೆ ಹೋದೆ.

ಸಾವ್ಕಾರರು ಮೆತ್ತಗೆ ಮಾತಾಡಿದರು. ಅದೇ ಅವರ ಬಲ. "ಹನ್ನೆರಡು ವರ್ಷ ಆತವಾ ತಂಗಿ, ನಾ ಅಲ್ಲಿ ಕಾಯಿ ಒಣಗ್ಸಾಕತ್ತು. ಅದು ಒಣ ಜಾಗಾ, ಕೆರೀದಲ್ಲ. ಜಾಗದ ಉತಾರದಾಗ ನನ್ನ ಹೆಸರು ಹಚ್ಚರಿ ಅಂತ ಅರ್ಜಿ ಕೊಟ್ಟೇನಿ."

"ಮಳಿಗಾಲದಾಗ ಅಲ್ಲಿ ಎದಿಮಟ ನೀರು ನಿಂದರ್ತೈತಲ್ರಿ ಸಾವ್ಕಾರ್ರ."

"ಯಾರು ನೋಡ್ಯಾರ?"

"ನಾ ನೋಡೇನಿ."

"ನೀ ನೋಡಿದ್ದು ಸರ್ಕಾರದ ಕಾಗದದಾಗ ಬರ್ತೈತೇನವಾ?" ಎಂದು ನಕ್ಕು, ಚಹಾ ಕುಡಿದು ಹೋಗು ಎಂದರು. ನಾನು ಕುಡಿಯಲಿಲ್ಲ.

ಆ ಅರ್ಜಿಯ ಚೌಕಶಿಗೆಂದು, ಜಾಗ ನೋಡಿ ವಿಚಾರಿಸಲು, ಹಾವೇರಿಯಿಂದ ಕಂದಾಯ ಇಲಾಖೆಯ ಸಾಹೇಬರು ಬಂದದ್ದು ಏಪ್ರಿಲ್ ಕೊನೆಗೆ, ಬಿರುಬಿಸಿಲಿನಲ್ಲಿ. ದಂಡೆ ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ ಎಂದರೆ ನನ್ನ ಕಣ್ಣಿಗೇ ನಂಬಿಕೆ ಬಾರದಷ್ಟು ಒಣಗಿತ್ತು. ದಂಡೆಯಲ್ಲಿ ನೀರನ್ನೇ ಕಂಡಿಲ್ಲವೆಂದು ಸಾವ್ಕಾರರ ಕಡೆಯವರು ಇಬ್ಬರು ಸಾಕ್ಷಿ ಹೇಳಿದರು. ಸಿದ್ದವ್ವ ಕಂಡಿದ್ದೇನೆ ಎಂದಳು. ಬಟ್ಟೆ ಒಗೆಯುವವಳ ಮಾತು ಗಾಳಿಗೆ ಹೋಯಿತು. ಆಗ ನಾನು ಒಯ್ದಿದ್ದ ಕೆರೆಯ ಫೋಟೋಗಳನ್ನು ಮುಂದಿಟ್ಟೆ.

ಸಾಹೇಬರು ಒಂದೊಂದಾಗಿ ನೋಡಿದರು. ಫೋಟೋದಲ್ಲಿ ನೀರಿನಲ್ಲಿದ್ದ ಸಿದ್ದವ್ವನ ಕಲ್ಲನ್ನೂ ಎದುರಿನ ಒಣ ನೆಲದ ಕಲ್ಲನ್ನೂ ಹೋಲಿಸಿದರು. "ಇದು ಯಾವ ವರ್ಷದ್ದು ಅನ್ನೋದಕ್ಕೆ ಏನಮ್ಮ ಗುರುತು?" ಎಂದು ಕೇಳಿದರು. ನಾನು ತಿರುಗಿಸಿ, ಹಿಂದೆ ಪೆನ್ಸಿಲಿನಲ್ಲಿ ಬರೆದ ಇಸವಿ ತೋರಿಸಿದೆ.

"ಪೆನ್ಸಿಲ್ ನಮ್ಮ ಮೊಮ್ಮಗನ ಹತ್ರಾನೂ ಐತ್ರಿ" ಎಂದರು ಸಾವ್ಕಾರರು. ಜನ ನಕ್ಕರು. ಅಷ್ಟಕ್ಕೆ ಬಿಡಲಿಲ್ಲ. "ಇಪ್ಪತ್ತು ವರ್ಷದ ಹಿಂದಿನ ಫೋಟೋನೂ ಇರಬಹುದು. ಹೋಗಲಿ ಬಿಡ್ರಿ. ಗರತಿ ಹೆಣಮಗಳು ಕ್ಯಾಮೆರಾ ಹಿಡಕೊಂಡು ವರ್ಷಾನಗಟ್ಟಲೆ ಕೆರಿ ದಂಡ್ಯಾಗ ಯಾಕ ನಿಂದರಬೇಕಿತ್ತು? ಯಾರು ಹೇಳಿ ತಗಸ್ಯಾರ, ಅದನ್ನ ಕೇಳ್ರಿ ಸಾಹೇಬ್ರ."

ಸಾಹೇಬರು ಕೇಳಿದರು. ಇಡೀ ಓಣಿ ನನ್ನ ಮುಖ ನೋಡುತ್ತಿತ್ತು. "ರೋಲು ಮುಗಸಾಕ ತಗದೇನ್ರಿ" ಎಂದೆ. ಮತ್ತೆ ನಗು. ಹದಿಮೂರು ವರ್ಷ ಊರಿನ ಮಾತಿಗೆ ಕ್ಯಾರೇ ಎನ್ನದವಳು ಆ ಗಳಿಗೆಯಲ್ಲಿ ಹೆದರಿ ನೆಪ ಹೇಳಿದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಪ್ರವಾಸಿ ಮಂದಿರದಲ್ಲಿ ತಂಗಿದ್ದೇನೆ, ಬೇರೆ ಪುರಾವೆ ಇದ್ದರೆ ನಾಳೆ ಹನ್ನೊಂದಕ್ಕೆ ತನ್ನಿ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು.

ಮನೆಗೆ ಬಂದರೆ ಅಬ್ಬಾ ಕನ್ನಡದಲ್ಲಿ ಬೈಯಲು ಶುರು ಮಾಡಿದರು. ನಮ್ಮ ಮನೆಯಲ್ಲಿ ಮಾತು ಉರ್ದು; ಸಿಟ್ಟು ನಿಜವಾಗಿ ನೆತ್ತಿಗೇರಿದರೆ ಮಾತ್ರ ಅಬ್ಬಾ ಕನ್ನಡಕ್ಕೆ ಇಳಿಯುತ್ತಿದ್ದರು. "ಮಳಗಿ ಅವರದು. ನಾಳೆ ಬಿಡು ಅಂದ್ರ ಎಲ್ಲಿ ಹೋಗೂಣು? ನೀರಾಗಿದ್ದು ಮೊಸಳಿ ಕೂಡ ಜಗಳ ಬ್ಯಾಡ ಅಂತ ಗೊತ್ತಿಲ್ಲೇನು ನಿನಗ?"

"ನೀರ ಇಲ್ಲ ಅನ್ನಾಕತ್ತಾರಲ್ಲ ಅಬ್ಬಾ, ಮತ್ತ ಮೊಸಳಿ ಎಲ್ಲಿಂದ ಬಂತು?" ಎಂದೆ. ಅಬ್ಬಾ ನಗಲಿಲ್ಲ. ಮುಖ ತಿರುಗಿಸಿ ಕೂತರು.

ನಾನು ಬಿಸ್ಕೀಟಿನ ಡಬ್ಬಿಗಳನ್ನು ನಡುಮನೆಯಲ್ಲಿ ಸುರಿದೆ. ಏನು ಹುಡುಕುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಕೆರೆ ಇದ್ದ ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯುತ್ತ ಹೋದೆ. ಒಂದರಲ್ಲಿ ಎರಡು ಕೆರೆ, ಅವುಗಳ ಪಕ್ಕದಲ್ಲಿ ಬಿಳಿ ರಾಶಿ, ಕಪ್ಪು ಮುಖದ ಒಬ್ಬ ರುಮಾಲಿನವನು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ಲವೇ, ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಹತ್ತಿದ ಕೂಡಲೇ ಪಟ್ಟಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಹಿಡಿದೆ. ಅದು ಪಾಡ್ಯದ ರೋಲು. ಅಂಗಡಿಯಲ್ಲಿ ಹತ್ತು ಫೋಟೋ ತೆಗೆದು, ಅದೇ ಬೆಳಿಗ್ಗೆ ಮನೆಗೆ ಬರುವಾಗ ದಂಡೆಯಲ್ಲಿ ಎರಡು ಹೊಡೆದು ಮುಗಿಸಿದ್ದು. ಹತ್ತನೆಯದು ಸಾವ್ಕಾರರು, ಹನ್ನೊಂದು ಹನ್ನೆರಡು ಕೆರೆ, ಮೂರೂ ಒಂದೇ ಪಟ್ಟಿಯಲ್ಲಿ. ಸಾವ್ಕಾರರ ತಲೆಯ ಹಿಂದೆ, ಒಂದು ಮೂಲೆಯೂ ಕತ್ತರಿಸದಂತೆ, ಅವರೇ ಹಾಕಿಸಿದ ಕ್ಯಾಲೆಂಡರು. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ೧೯೮೬.

ಒಂದೊಂದೇ ಸಿಕ್ಕವು. ಎಂಬತ್ತೆಂಟರಲ್ಲಿ ಮಗಳ ಮದುವೆ ಗೊತ್ತಾದ ಖುಷಿಗೆ ಹನ್ನೆರಡೂ ಅವರೇ ತೆಗೆಸಿಕೊಂಡಿದ್ದರು. ಅದೊಂದನ್ನು ಬಿಟ್ಟು ಉಳಿದ ಎಂಟು ದೀಪಾವಳಿಗೆ ಎಂಟು ಪಟ್ಟಿ. ಏಳನ್ನು ಆರಿಸಿ ಇಟ್ಟುಕೊಂಡೆ. ಅಬ್ಬಾ ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದರೋ ಕಾಣೆ.

"ಎಂಬತ್ತೈದು ಯಾಕ ಬಿಟ್ಟಿ?" ಎಂದರು, ಇನ್ನೂ ಕನ್ನಡದಲ್ಲೇ.

"ಆ ವರ್ಷ ಮಳಿ ಆಗಿರಲಿಲ್ಲ ಅಬ್ಬಾ. ಕಲ್ಲಿನ ಹತ್ರ ನೀರಿಲ್ಲ."

"ಅದನ್ನೂ ಇಡು. ಇದ್ದದ್ದನ್ನ ಮುಚ್ಚೂದು ಅವರ ಕಸಬು. ನಮ್ಮದು ತೋರಿಸೂದು."

ಆಮೇಲೆ ಡಾರ್ಕ್ ರೂಮಿಗೆ ಹೋಗಿ ಕೆಂಪು ದೀಪ ಹಚ್ಚಿದರು. ಪಟ್ಟಿಗಳನ್ನು ಕತ್ತರಿಸದೆ ಇಡಿಯಾಗಿಯೇ ಕಾಗದದ ಮೇಲಿಟ್ಟು ಪ್ರಿಂಟು ಹಾಕಿದೆವು. ಔಷಧದ ಟ್ರೇಯನ್ನು ಸದಾ ಅಲುಗಾಡಿಸುತ್ತಿರಬೇಕು. ನಡುಗುವ ಕೈಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಒಂಬತ್ತು ವರ್ಷದ ಮೇಲೆ ನಾನೂ ಅಬ್ಬಾನೂ ಡಾರ್ಕ್ ರೂಮಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ಮಧ್ಯಾಹ್ನ ಅದು. ನನಗೆ ಬಹಳ ಸಂತೋಷವಾಗಿತ್ತು.

ಮರುದಿನ ಹನ್ನೊಂದಕ್ಕೆ ಪ್ರವಾಸಿ ಮಂದಿರದ ಪಡಸಾಲೆಯ ಮೇಜಿನ ಮೇಲೆ ಎಂಟು ಪಟ್ಟಿಗಳನ್ನು, ಅವುಗಳ ಎಂಟು ಪ್ರಿಂಟುಗಳನ್ನು ಸಾಲಾಗಿ ಇಟ್ಟೆ. ಮುಖದ ಕಲೆ ತಿದ್ದಲು ಅಬ್ಬಾ ಬಳಸುತ್ತಿದ್ದ ಭೂತಗನ್ನಡಿಯನ್ನೂ ಇಟ್ಟೆ. ಸಾಹೇಬರು ಬಗ್ಗಿದರು.

"ಈ ಫೋಟೋದಲ್ಲಿರೋರು ಯಾರು?" ಎಂದು ಸಾವ್ಕಾರರನ್ನು ಕೇಳಿದರು.

"ನಾನ ಅದೇನ್ರಿ." ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ರುಮಾಲು ಚೆನ್ನಾಗಿ ಬಂದಿದೆ ಎಂದು ಮುಖ ಅರಳಿತ್ತು.

"ಹಿಂದಿನ ಕ್ಯಾಲೆಂಡರು?"

"ನಮ್ಮ ಅಂಗಡೀದ್ರಿ. ವರ್ಷಾ ಹಾಕಸ್ತೇವಿ."

"ಹಿಂದಿನ ವರ್ಷದ್ದನ್ನೇನಾದರೂ ತೂಗು ಹಾಕ್ತೀರಾ?"

"ಲಕ್ಷ್ಮೀ ಮುಂದ ಹಳೇ ಕ್ಯಾಲೆಂಡರ್ ಯಾರರ ಹಾಕ್ತಾರೇನ್ರಿ?"

ಸಾಹೇಬರು ನೆಗೆಟಿವ್ ಪಟ್ಟಿಯನ್ನು ಬಿಸಿಲಿಗೆ ಹಿಡಿದು, ಹತ್ತನೆಯದರಿಂದ ಹನ್ನೊಂದನೆಯದಕ್ಕೆ ಬೆರಳು ಸರಿಸಿದರು. ಅಂಟಿಲ್ಲ, ಕತ್ತರಿಯಿಲ್ಲ, ಒಂದೇ ಫಿಲ್ಮು. ಆಗ ಸಾವ್ಕಾರರೂ ಬಗ್ಗಿ ನೋಡಿದರು. ತಮ್ಮ ಪಕ್ಕದಲ್ಲೇ ಸಿದ್ದವ್ವ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅವರ ಮುಖದ ಬಣ್ಣ ಇಳಿಯಿತು.

"ಇದರಲ್ಲಿ ನೀರಿಲ್ಲವಲ್ಲ?" ಸಾಹೇಬರು ಎಂಬತ್ತೈದರದನ್ನು ಎತ್ತಿದರು.

"ಆ ವರ್ಷ ಬಂದಿಲ್ರಿ. ಬಂದಿಲ್ಲ ಅಂದ್ರ ಬಂದಿಲ್ಲ. ಉಳಿದ ಏಳರಾಗ ಬಂದೈತಿ."

ಅವರು ನನ್ನನ್ನು ಮೊದಲ ಸಲ ನೇರವಾಗಿ ನೋಡಿದರು. "ನಿನ್ನೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ ನೀವು. ವರ್ಷಾ ವರ್ಷಾ ಯಾಕಮ್ಮ ತೆಗೆದಿರಿ ಇವನ್ನ? ಬರೆದುಕೊಳ್ಳಬೇಕು."

"ಚಂದ ಕಂಡಿತ್ರಿ" ಎಂದೆ. "ನಿನ್ನೆ ಅಂಜಿ ಸುಳ್ಳು ಹೇಳಿದೆ. ಯಾರೂ ಹೇಳಿ ತಗಸಿಲ್ಲ. ನನಗ ಆ ಕೆರಿ ಚಂದ ಕಾಣ್ತೈತಿ, ದಿನಾ ಹೋಗಿ ಕುಂದರ್ತೇನಿ, ಫಿಲ್ಮು ಉಳಿದ್ರ ತಗೀತೇನಿ. ಇನ್ನ ಮುಂದನೂ ತಗೀತೇನಿ. ಬರ್ಕೋರಿ."

ಅವರು ಬರೆದುಕೊಂಡರು. ಸರ್ಕಾರದ ಕಾಗದದಲ್ಲಿ ಆ ಮಾತು ಈಗಲೂ ಇರಬೇಕು.

ಸಾವ್ಕಾರರ ಹೆಸರು ಉತಾರಕ್ಕೆ ಹತ್ತಲಿಲ್ಲ. ಮುಂಗಾರಿಗೆ ಮುಂಚೆ ಗೂಟ ಕೀಳಬೇಕೆಂದು ಆದೇಶವಾಯಿತು. ಅದೇ ವಾರ ಮಳಿಗೆ ಬಿಡಿ ಎಂದು ಸಾವ್ಕಾರರು ನಮಗೂ ಹೇಳಿ ಕಳಿಸಿದರು. ಬೋರ್ಡು ಇಳಿಸುವಾಗ ಅಬ್ಬಾ ಅತ್ತರು, ನಾನೂ ಅತ್ತೆ. ಇಪ್ಪತ್ತು ವರ್ಷದ ಅಂಗಡಿ. ಆದರೂ ಮಾಡಿದ್ದು ತಪ್ಪೆಂದು ಒಂದು ದಿನವೂ ಅನ್ನಿಸಲಿಲ್ಲ. ಹಂಸದ ಪರದೆಗೆ ಧೂಳು ಹಿಡಿದಿದೆ ಎಂದು ಸಿದ್ದವ್ವ ಪ್ರೀತಿಯಿಂದ ಒಯ್ದು ತನ್ನ ಕಲ್ಲಿನ ಮೇಲೆ ಬಡಿದು ಬಡಿದು ಒಗೆದಳು. ಬಣ್ಣವೆಲ್ಲ ಬಿಟ್ಟು ಹಂಸಗಳು ಕೆರೆಯ ಪಾಲಾದವು. ಅಬ್ಬಾ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಬರೀ ಬಿಳಿ ಬಟ್ಟೆಯಾಗಿ ಉಳಿದ ಆ ಪರದೆ ಪಾಸ್‌ಪೋರ್ಟ್ ಫೋಟೋಕ್ಕೆ ಒಳ್ಳೆಯದಾಯಿತು. ಅದನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿದೆ. ಉಳಿದ ಫೋಟೋಗಳಿಗೆ ದಂಡೆಯ ಮೇಲೆ ಎರಡು ಕುರ್ಚಿ. ಮೊದಮೊದಲು ಯಾರೂ ಬರಲಿಲ್ಲ. ಶ್ರಾವಣದಲ್ಲಿ ಕೆರೆ ತುಂಬಿದ ಮೇಲೆ ಒಬ್ಬೊಬ್ಬರೇ ಬಂದರು. ಹೊಸ ಮದುಮಕ್ಕಳು ಬಂದರು, ಗೋಷಾದ ಹೆಂಗಸರು ಬಂದರು, ಪೌಡರು ಬಳಿದುಕೊಂಡು ಓಣಿಯವರೂ ಬಂದರು. ಫೋಟೋ ಮುಗಿದ ಮೇಲೂ ಕೆಲವರು ಏಳುತ್ತಿರಲಿಲ್ಲ. ಕೆಲಸವಿಲ್ಲದೆ ಕೂತು ನೀರು ನೋಡುತ್ತಿದ್ದರು. ನಾನು ಕುರ್ಚಿ ಎತ್ತಲು ಅವಸರ ಮಾಡುತ್ತಿರಲಿಲ್ಲ.

ಆ ದೀಪಾವಳಿಯ ಪಾಡ್ಯದ ಬೆಳಿಗ್ಗೆ ಹೊಸ ರೋಲು ಹಾಕಿಕೊಂಡು ನಿಂತಿದ್ದೆ. ಇಳಕಲ್ ಸೀರೆಯುಟ್ಟ ನೀಲಗಂಗವ್ವ ದಂಡೆ ಇಳಿದು ಬಂದರು. ಹತ್ತು ಹೆಜ್ಜೆ ಹಿಂದೆ, ರೇಷ್ಮೆ ರುಮಾಲು ಸುತ್ತಿದ ಸಾವ್ಕಾರರು.

"ಪಾಡ್ಯದ ಫೋಟೋ ನಡುವ ತಪ್ಪಬಾರದು ಜಾಹೀದಾ, ಶುರು ಮಾಡಿದವರ ಕೈಯಿಂದನ ಆಗಬೇಕು" ಎಂದರು ನೀಲಗಂಗವ್ವ. "ನಿನ್ನನ್ನ ನಮ್ಮ ಅಂಗಡೀಗೆ ಕರಿಯಾಕ ಇವರಿಗೆ ಮಾರಿ ಇಲ್ಲ. ಅದಕ್ಕ ನಾವ ಬಂದೇವಿ."

ಬೇಡ ಎನ್ನಲು ನನಗೇನು ಹುಚ್ಚೇ? ಸಿದ್ದವ್ವನ ಕಲ್ಲಿಗೆ ಈಚೆ, ಗೂಟ ಕಿತ್ತ ಗುರುತು ಇನ್ನೂ ಮಾಸದ ಜಾಗದಲ್ಲಿ ಇಬ್ಬರನ್ನೂ ನಿಲ್ಲಿಸಿದೆ. ತಲೆ ಬಗ್ಗಿಸಿ ಕ್ಯಾಮೆರಾದಲ್ಲಿ ನೋಡಿದೆ. ರುಮಾಲಿನ ತುದಿ ಹೊರಗೆ ಹೋಗುತ್ತಿತ್ತು.

"ಒಂದು ಹೆಜ್ಜಿ ಹಿಂದ ಸರೀರಿ ಸಾವ್ಕಾರ್ರ."

ಸರಿದರು.

"ಇನ್ನೊಂದು ಹೆಜ್ಜಿ."

"ಇನ್ನೆಲ್ಲಿ ಸರೀಲಿ?" ಎಂದು ಸಾವ್ಕಾರರು ರೇಗಿದರು. "ಹಿಂದ ನೀರೈತಿ."

ಸಿದ್ದವ್ವನ ಬಟ್ಟೆ ಬಡಿಯುವ ಸದ್ದು ನಿಂತಿತು. ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಾವೇನು ಹೇಳಿದೆವೆಂದು ಸಾವ್ಕಾರರಿಗೆ ಹೊಳೆಯುವಷ್ಟರಲ್ಲಿ ನಾನು ಗುಂಡಿ ಒತ್ತಿಯಾಗಿತ್ತು.

ಅದು ಆ ರೋಲಿನ ಮೊದಲನೆಯ ಫೋಟೋ. ಇನ್ನೂ ಹನ್ನೊಂದು ಉಳಿದಿದ್ದವು.